ಪೈಪ್ ಜೊತೆ ಚೀಟಿಯೂ ಉಳಿಯಲಿ

ನೈರೋಬಿ: ಊರಿನಿಂದ ಬಂದ ನೆಂಟರು ನಮ್ಮ ಶೋಕೇಸ್ ನೋಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: ‘ಮನೆಯಲ್ಲಿ ಯಾರೂ ಹೊಗೆ ಸೇದೋದಿಲ್ಲ, ಇಷ್ಟೊಂದು ಪೈಪ್ ಯಾಕೆ?’ ಹಳೆಯ ಜರ್ಮನ್ ಪೈಪ್‌ಗಳನ್ನು ಕೂಡಿಡುವ ಹುಚ್ಚು ಇಲ್ಲಿರುವ ನಮ್ಮಲ್ಲಿ ಕೆಲವರಿಗಿದೆ. ನಮಗೆ ಬೇಕಾದದ್ದು ಹೊಗೆಯಲ್ಲ, ಅವುಗಳ ಹಿಂದಿರುವ ಕತೆ.

ಸೈನಿಕರ ಪೈಪ್‌ಗಳನ್ನೇ ನೋಡಿ. ತಂಬಾಕು ತುಂಬಲು ಪಿಂಗಾಣಿ ಬಟ್ಟಲು, ಅದರ ಕೆಳಗೆ ತೇವ ಇಳಿದು ನಿಲ್ಲಲು ಇನ್ನೊಂದು ಭಾಗ, ಉದ್ದನೆಯ ಮರದ ಕೊಳವೆ, ಬಾಯಿಗಿಡುವ ತುದಿಗೆ ಕೊಂಬು. ಕಡ್ಡಾಯ ಸೈನ್ಯಸೇವೆ ಮುಗಿಸಿ ಊರಿಗೆ ಹೊರಟ ಜರ್ಮನ್ ಯುವಕರು ನೆನಪಿಗೆಂದು ಇವನ್ನು ಮಾಡಿಸಿಕೊಳ್ಳುತ್ತಿದ್ದರು. ರೆಜಿಮೆಂಟ್, ಸೈನಿಕನ ಹೆಸರು, ಸೇವೆಯ ವರ್ಷಗಳು ಬಟ್ಟಲಿನ ಮೇಲೇ ಇರುತ್ತವೆ. ಎಷ್ಟೋ ಪೈಪ್‌ಗಳಲ್ಲಿ ಜೊತೆಗಾರರ ಹೆಸರುಗಳೂ ಉಂಟು.

ನಕಲುಗಳೂ ಹೇರಳವಾಗಿವೆ. ಅವನ್ನು ಹಿಡಿಯಲು ಇತಿಹಾಸ ಗೊತ್ತಿರಬೇಕು. 1893ರಲ್ಲಿ ಜರ್ಮನ್ ಕಾಲಾಳುಗಳ ಸೇವಾವಧಿ ಮೂರರಿಂದ ಎರಡು ವರ್ಷಕ್ಕೆ ಇಳಿಯಿತು. ಕುದುರೆ ಪಡೆಯವರಿಗೆ ಮೂರು ವರ್ಷವೇ ಉಳಿಯಿತು. ಹಾಗಾಗಿ ಕಾಲಾಳಿನ ಪೈಪ್ ಮೇಲೆ ‘1905–1908’ ಎಂದಿದ್ದರೆ ದುಡ್ಡು ಕೊಡುವ ಮೊದಲು ಎರಡು ಸಲ ಯೋಚಿಸುತ್ತೇವೆ.

ನೈರೋಬಿಯಲ್ಲಿ ಇನ್ನೊಂದು ತೊಡಕಿದೆ. ಅದು ಬಿಳಿಯ ಮೀರ್‌ಷಾಮ್ ಪೈಪ್‌ಗಳದ್ದು. ಜರ್ಮನ್ ಭಾಷೆಯಲ್ಲಿ ಈ ಪದಕ್ಕೆ ಕಡಲ ನೊರೆ ಎಂದರ್ಥ. ಈ ಮೆದು ಖನಿಜ ಟರ್ಕಿಯ ಎಸ್ಕಿಶೆಹಿರ್‌ನಿಂದ ಯುರೋಪಿಗೆ ಹೋಗಿ ಅಲ್ಲಿನ ಕುಶಲಕರ್ಮಿಗಳ ಕೈಯಲ್ಲಿ ಪೈಪ್ ಆಗುತ್ತಿತ್ತು. ಸೇದುತ್ತಾ ಹೋದಂತೆ ಬಿಳಿ ಬಣ್ಣ ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಪಕ್ಕದ ಟಾಂಗನಿಕಾ ಒಂದನೆಯ ಮಹಾಯುದ್ಧದವರೆಗೆ ಜರ್ಮನರ ವಸಾಹತಾಗಿತ್ತು. ಹೀಗಾಗಿ ‘ಜರ್ಮನರ ಕಾಲದ್ದು’ ಎಂದು ಯಾರಾದರೂ ಹೇಳಿದರೆ ನಂಬುವುದು ಸುಲಭ. ಆದರೆ ಕಿಲಿಮಂಜಾರೋ ಬುಡದ ಆಂಬೊಸೆಲಿ ಪ್ರದೇಶದಲ್ಲೂ ಇದೇ ಖನಿಜವಿದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಅದರಿಂದ ಟಾಂಗನಿಕಾದಲ್ಲೇ ಪೈಪ್ ತಯಾರಾದವು. ಹೆಸರು ‘ಕಿಕೊ’, ಗುರುತು ಆನೆ. ಸ್ವಾಹಿಲಿಯಲ್ಲಿ ಕಿಕೊ ಎಂದರೆ ಪೈಪ್. ಅಂಥದ್ದು ಸಿಕ್ಕರೆ ನಾವು ಬಿಸಾಡುವುದಿಲ್ಲ; ‘ಜರ್ಮನ್ ಅಲ್ಲ, ಇಲ್ಲಿಯದೇ’ ಎಂದು ಚೀಟಿ ಬರೆದು ಇಡುತ್ತೇವೆ.

ದಂತ ಬಳಸಿದ ಪೈಪ್ ಎಷ್ಟೇ ಹಳೆಯದಾದರೂ ಮುಟ್ಟುವುದಿಲ್ಲ. 2016ರ ಏಪ್ರಿಲ್ 30ರಂದು 105 ಟನ್ ಆನೆದಂತವನ್ನು ರಾಶಿ ಹಾಕಿ ಸುಟ್ಟ ಊರಿದು.

ಕೂಡಿಡುವುದರಲ್ಲಿ ನಮಗೆ ಮಾದರಿ ಜೋಸೆಫ್ ಮುರುಂಬಿ. ಗೋವಾ ಮೂಲದ ತಂದೆ, ಮಸಾಯಿ ತಾಯಿಗೆ 1911ರಲ್ಲಿ ಹುಟ್ಟಿದ ಅವರು ಓದಿದ್ದು ಬೆಂಗಳೂರು, ಬಳ್ಳಾರಿಗಳಲ್ಲಿ. 1966ರಲ್ಲಿ ಕೀನ್ಯಾದ ಉಪಾಧ್ಯಕ್ಷರಾದರು. ಆಫ್ರಿಕಾದ ಕಲಾವಸ್ತು, ಪುಸ್ತಕ, ಅಂಚೆಚೀಟಿಗಳನ್ನು ಜೀವಮಾನವಿಡೀ ಸಂಗ್ರಹಿಸಿದರು. ಅವು ಇಂದು ನಗರದ ನಡುವಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನೆಂಟರು ಬಂದರೆ ನಾವು ತಪ್ಪದೆ ಅಲ್ಲಿಗೆ ಕರೆದೊಯ್ಯುತ್ತೇವೆ. ಬಳ್ಳಾರಿಯ ಹೆಸರು ಕೇಳಿ ಅವರ ಮುಖ ಅರಳುತ್ತದೆ.

ನಮ್ಮ ಮಕ್ಕಳಿಗೆ ಈ ಹುಚ್ಚಿಲ್ಲ. ನಾಳೆ ಈ ಪೈಪ್‌ಗಳು ಯಾರ ಕೈ ಸೇರುತ್ತವೋ ತಿಳಿಯದು. ಅದಕ್ಕೇ ಒಂದೊಂದರ ಜೊತೆಗೂ ಎಲ್ಲಿ ಸಿಕ್ಕಿತು, ಯಾರಿಂದ ಬಂತು, ಏನು ಪತ್ತೆಯಾಯಿತು ಎಂಬ ಚೀಟಿ ಇಟ್ಟಿದ್ದೇವೆ. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು.