ಆಕಾಶಯಾನದ ಕಡವಿನಿಂದ ನದಿಯ ಕಡವಿಗೆ

ಬ್ಯಾಂಕಾಕಿನಲ್ಲಿ ಬಂದಿಳಿಯುವ ಕನ್ನಡಿಗರನ್ನು ಮೊದಲು ಸ್ವಾಗತಿಸುವುದು ಒಂದು ಪರಿಚಿತ ಹೆಸರು. ಅಲ್ಲಿಯ ದೊಡ್ಡ ವಿಮಾನನಿಲ್ದಾಣ 'ಸುವರ್ಣಭೂಮಿ'. 2006ರ ಸೆಪ್ಟೆಂಬರಿನಲ್ಲಿ ಕಾರ್ಯಾರಂಭ ಮಾಡಿದ ಈ ನಿಲ್ದಾಣಕ್ಕೆ ಆಗಿನ ದೊರೆ ಭೂಮಿಬೋಲರು ಇಟ್ಟ ಹೆಸರದು. ಬರವಣಿಗೆಯಲ್ಲಿ ಅದು ಸಂಸ್ಕೃತವೇ. ಉಚ್ಚಾರದಲ್ಲಿ ಮಾತ್ರ 'ಸುವನ್ನಫೂಮ್' ಆಗುತ್ತದೆ. ದೇವದಾನವರು ವಾಸುಕಿಯನ್ನು ಹಿಡಿದೆಳೆಯುವ ಸಮುದ್ರಮಥನದ ಭವ್ಯ ಶಿಲ್ಪವೂ ಈ ನಿಲ್ದಾಣದ್ದೇ. ವಿಮಾನನಿಲ್ದಾಣಕ್ಕೆ ಥಾಯ್ ಭಾಷೆಯಲ್ಲಿ 'ಥಾ ಆಕಾತ್ಸಯಾನ್' ಎನ್ನುತ್ತಾರೆ. 'ಆಕಾತ್ಸಯಾನ್' ಎಂಬುದು ನಮ್ಮ ಆಕಾಶಯಾನ. 'ಥಾ' ಎಂದರೆ ದೋಣಿ ಬಂದು ನಿಲ್ಲುವ ಕಡವು. ನೀರಿನ ಮೇಲೆಯೇ ಬೆಳೆದ ಊರು ಆಕಾಶದಿಂದ ಇಳಿಯುವ ಸ್ಥಳವನ್ನೂ ಕಡವೆಂದೇ ಕರೆಯಿತು. ಈ ಅರ್ಥ ನನಗೆ ತಿಳಿದದ್ದು ನಾಲ್ಕನೆಯ ದಿನ. ಮೊದಲ ದಿನ ನನ್ನಲ್ಲಿದ್ದದ್ದು ಭಯವೊಂದೇ.

2023ರ ನವೆಂಬರಿನಲ್ಲಿ ನಾವಿಬ್ಬರೂ, ಎಂದರೆ ನಾನು ಮತ್ತು ನನ್ನ ಶ್ರೀಮತಿ, ಈ ಪ್ರವಾಸ ಕೈಗೊಂಡೆವು. ಏರ್ಪಾಡೆಲ್ಲ ಮಗನದು. "ಅಪ್ಪಾ, ಎಲ್ಲಿಗೆ ಹೋದರೂ ಟ್ಯಾಕ್ಸಿಯಲ್ಲೇ ಹೋಗಿರಿ, ಅವ್ವನ ಮೊಣಕಾಲು ನೋಡಿಕೊಳ್ಳಿ" ಎಂದು ಅವನು ಮತ್ತೆ ಮತ್ತೆ ಹೇಳಿ ಕಳುಹಿಸಿದ್ದ. ಮೊಣಕಾಲಿನ ಮಾತು ಸರಿಯೇ. ಆದರೆ ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಮದುವೆಯಾಗಿ ಮೂವತ್ತೆಂಟು ವರ್ಷಗಳಾದರೂ ಆಕೆ ತಾಲ್ಲೂಕು ಕೇಂದ್ರದ ಬಸ್ಸನ್ನು ಸಹ ಒಬ್ಬಳೇ ಹತ್ತಿದವಳಲ್ಲ. ಮೊದಲು ಆಕೆಯ ತಂದೆ ಜೊತೆಗಿದ್ದರು, ಆಮೇಲೆ ನಾನು, ಈಚೆಗೆ ಮಗ. ಹಾಗೆ ನಡೆದುಬಂದಿತ್ತು, ಬೇರೆ ಬಗೆಯಲ್ಲಿ ನಡೆಯಬಹುದೆಂದು ನಾವಾರೂ ಯೋಚಿಸಿರಲಿಲ್ಲ.

ಗಡಿಯಾರವನ್ನು ಒಂದೂವರೆ ಗಂಟೆ ಮುಂದಿಟ್ಟುಕೊಂಡು ಬೆಳಗಿನ ಜಾವ ಹೊರಗೆ ಬಂದಾಗ ಟ್ಯಾಕ್ಸಿಯ ಸಾಲು ಉದ್ದವಾಗಿತ್ತು. ಭಾಷೆ ಬಾರದ ನಾನು ಚಾಲಕನಿಗೆ ವಿಳಾಸವನ್ನು ಹೇಗೆ ತಿಳಿಸಲೆಂದು ಚೀಟಿ ಹಿಡಿದು ನಿಂತಿದ್ದೆ. ರೈಲಿನ ಚಿತ್ರವಿದ್ದ ಫಲಕವನ್ನು ನೋಡಿದವಳು ಆಕೆ. "ರೀ, ರೈಲಿನಲ್ಲೇ ಹೋಗೋಣ. ರೈಲಿಗೆ ದಾರಿ ತಪ್ಪುವುದಿಲ್ಲ" ಎಂದಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ರೈಲುನಿಲ್ದಾಣವು ವಿಮಾನನಿಲ್ದಾಣದ ನೆಲಮಾಳಿಗೆಯಲ್ಲೇ ಇದೆ. ಈ ಮಾರ್ಗ ಆರಂಭವಾದದ್ದು 2010ರ ಆಗಸ್ಟಿನಲ್ಲಿ. ಕೊನೆಯ ನಿಲ್ದಾಣವಾದ ಫಯಾ ಥಾಯ್‌ವರೆಗೆ ತಲಾ 45 ಬಾತ್ ಕೊಟ್ಟೆವು. ಯಂತ್ರವು ಟಿಕೆಟ್ಟಿಗೆ ಬದಲಾಗಿ ದುಂಡನೆಯ ಪ್ಲಾಸ್ಟಿಕ್ ಬಿಲ್ಲೆಯನ್ನು ಕೊಡುತ್ತದೆ. ಒಳಹೋಗುವಾಗ ಅದನ್ನು ಬಾಗಿಲ ಕಂಬಕ್ಕೆ ತೋರಿಸಬೇಕು. ಹೊರಬರುವಾಗ ಕಂಬದ ಕಿಂಡಿಯೊಳಗೆ ಹಾಕಿಬಿಡಬೇಕು. ಸುಮಾರು ಅರ್ಧ ಗಂಟೆಯಲ್ಲಿ ನಗರದ ನಡುವೆ ಇದ್ದೆವು. ಅಲ್ಲಿಂದ ಎತ್ತರದ ಕಂಬಗಳ ಮೇಲೆ ಓಡುವ ನಗರರೈಲನ್ನು ಹಿಡಿದು ಒಂದೇ ನಿಲ್ದಾಣ ಮುಂದೆ ಹೋದರೆ 'ರಾಚತೇವಿ'. ನಾವು ಇಳಿದುಕೊಳ್ಳಬೇಕಾಗಿದ್ದ ಹೋಟೆಲು ಅದರ ಸಮೀಪದಲ್ಲಿತ್ತು.

ರಾಚತೇವಿ ಎಂದರೆ ರಾಜದೇವಿ. ಇದು ತಿಳಿದ ಮೇಲೆ ನಮಗೊಂದು ಆಟವೇ ಸಿಕ್ಕಿದಂತಾಯಿತು. ರೈಲಿನಲ್ಲಿ ಧ್ವನಿವರ್ಧಕ ಪ್ರತಿ ಸಲವೂ ಹೇಳುವ 'ಸಥಾನೀ' ಎಂಬ ಮಾತು ನಮ್ಮ 'ಸ್ಥಾನ'ದ ಬಳಗದ್ದು. ವಿಜಯಸ್ಮಾರಕವಿರುವ ನಿಲ್ದಾಣದ ಥಾಯ್ ಹೆಸರಿನಲ್ಲಿ 'ಜಯ ಸಮರಭೂಮಿ' ಅಡಗಿದೆ. 'ವಿಥಯು' ಎಂಬ ರಸ್ತೆ ನಮ್ಮ ವಿದ್ಯುತ್ತು. 'ಸಾಲಾ ದೇಂಗ್' ಎಂದರೆ ಕೆಂಪು ಶಾಲೆ, ಎಂದರೆ ಕೆಂಪು ಮಂಟಪ. ಥಾಯ್ ಜನ ತಮ್ಮ ರಾಜಧಾನಿಯನ್ನು ಬ್ಯಾಂಕಾಕ್ ಎನ್ನುವುದೇ ಇಲ್ಲ. ಅವರಿಗೆ ಅದು 'ಕ್ರುಂಗ್ ಥೇಪ್ ಮಹಾನಖೋನ್', ದೇವತೆಗಳ ಮಹಾನಗರ. ನಾನು ಪದಗಳ ಮೂಲ ಹುಡುಕುತ್ತಿದ್ದರೆ ಆಕೆ ನಿಲ್ದಾಣಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದಳು. ಯಾವುದು ಹೆಚ್ಚು ಉಪಯೋಗಕ್ಕೆ ಬಂತೆಂಬುದು ಆಮೇಲೆ ತಿಳಿಯಿತು.

ಮೊಣಕಾಲಿನ ಚಿಂತೆಯನ್ನು ಲಿಫ್ಟುಗಳು ಕಳೆದವು. ಆದರೆ ಅವು ತಾವಾಗಿ ಬಂದವಲ್ಲ. 1999ರ ಡಿಸೆಂಬರ್ 5ರಂದು, ದೊರೆಯ ಜನ್ಮದಿನದಂದು, ಈ ಎತ್ತರದ ರೈಲು ಆರಂಭವಾದಾಗ ಇದ್ದ 23 ನಿಲ್ದಾಣಗಳಲ್ಲಿ ಐದರಲ್ಲಿ ಮಾತ್ರ ಲಿಫ್ಟು ಇತ್ತು. ಗಾಲಿಕುರ್ಚಿಯಲ್ಲಿ ಓಡಾಡುವವರು ನ್ಯಾಯಾಲಯದ ಮೆಟ್ಟಿಲೇರಿದರು. 2015ರ ಜನವರಿಯಲ್ಲಿ ಅಲ್ಲಿಯ ಸರ್ವೋಚ್ಚ ಆಡಳಿತ ನ್ಯಾಯಾಲಯ ಎಲ್ಲ ನಿಲ್ದಾಣಗಳಿಗೂ ಲಿಫ್ಟು ಕೂಡಿಸಬೇಕೆಂದು ಆಜ್ಞೆ ಮಾಡಿತು. ಅವರು ಹೋರಾಡಿ ಪಡೆದದ್ದರಲ್ಲಿ ನಮ್ಮಂಥ ವಯಸ್ಸಾದವರು ಹತ್ತಿ ಇಳಿಯುತ್ತಿದ್ದೇವೆ.

ರೈಲಿಗಿಂತ ಹಳೆಯದು ಅಲ್ಲಿಯ ದೋಣಿ. 1782ರಲ್ಲಿ ಚಕ್ರಿ ವಂಶದ ಮೊದಲ ದೊರೆ ಇದನ್ನು ರಾಜಧಾನಿಯಾಗಿ ಮಾಡಿಕೊಂಡಾಗ ಕಾಲುವೆಗಳೇ ಬೀದಿಗಳಾಗಿದ್ದವು. ಕಾಲಕ್ರಮದಲ್ಲಿ ಎಷ್ಟೋ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. ಟ್ರಾಮುಗಳು ಬಂದು, ಅವೂ 1968ರಲ್ಲಿ ನಿಂತವು. ಆಮೇಲೆ ಮೋಟಾರುಗಳ ದಟ್ಟಣೆಯಲ್ಲಿ ಊರು ಉಸಿರುಕಟ್ಟಿತು. ಸೇನ್ ಸೇಪ್ ಎಂಬ ಕಾಲುವೆಯಲ್ಲಿ 1990ರಲ್ಲಿ ಮತ್ತೆ ದೋಣಿಸಂಚಾರ ಆರಂಭಿಸಿದ್ದು ಇದಕ್ಕೇ. ಆ ಕೊಳಕು ನೀರು ಮೈಮೇಲೆ ಚಿಮ್ಮದಂತೆ ಪ್ರಯಾಣಿಕರೇ ಹಗ್ಗ ಹಿಡಿದು ಪಕ್ಕದ ಪರದೆಯನ್ನು ಎಳೆದುಕೊಳ್ಳಬೇಕು. ಶುಚಿಯ ವಿಷಯದಲ್ಲಿ ನಮ್ಮ ಮನೆಯವರು ಕಟ್ಟುನಿಟ್ಟು. ಅದನ್ನು ಒಮ್ಮೆ ಹತ್ತಿದ್ದು ಸಾಕೆಂದರು.

ಆದರೆ ಚಾವೋ ಫ್ರಾಯಾ ನದಿ ಆಕೆಯ ಮನಸ್ಸನ್ನು ಗೆದ್ದಿತು. ಸಿಯಾಮ್ ನಿಲ್ದಾಣದಲ್ಲಿ ಇಳಿದರೆ ಅದೇ ಅಂಕಣದ ಎದುರು ಬದಿಗೆ ಇನ್ನೊಂದು ಮಾರ್ಗದ ರೈಲು ಬರುತ್ತದೆ. ಅಲ್ಲಿಂದ ಆರನೆಯ ನಿಲ್ದಾಣ ಸಫಾನ್ ತಾಕ್ಸಿನ್. ಕೆಳಗೆ ಇಳಿದರೆ ಸಾಥೋನ್ ಕಡವು. ದೋಣಿಗಳ ಹಿಂಬದಿಯಲ್ಲಿ ಬಣ್ಣದ ಬಾವುಟ ಇರುತ್ತದೆ. ಕಿತ್ತಳೆ ಬಾವುಟದ ದೋಣಿಗೆ ಎಷ್ಟು ದೂರ ಹೋದರೂ 16 ಬಾತ್ ಕೊಟ್ಟೆವು. ನಿರ್ವಾಹಕಿ ಉದ್ದನೆಯ ಲೋಹದ ಕೊಳವೆಯಲ್ಲಿ ಚಿಲ್ಲರೆಯನ್ನು ಗಲಗಲ ಆಡಿಸುತ್ತ ಬರುತ್ತಾಳೆ; ಆ ಸದ್ದೇ 'ಟಿಕೆಟ್, ಟಿಕೆಟ್' ಎಂದ ಹಾಗೆ. ಹಿಂಬದಿಯಲ್ಲಿ ನಿಂತ ಹುಡುಗ ಸೀಟಿ ಊದಿ ಚಾಲಕನಿಗೆ ಸಂಜ್ಞೆ ಕೊಡುತ್ತಾನೆ. ದೋಣಿ ಕಡವಿನಲ್ಲಿ ನಿಲ್ಲುವುದು ಕ್ಷಣಕಾಲ. ಜನ ಆತುರವಿಲ್ಲದೆ, ಆದರೆ ತಡಮಾಡದೆ ಹತ್ತುತ್ತಾರೆ.

ಎರಡನೆಯ ದಿನದ ಸಂಜೆ ನಾನು ಬಾವುಟ ನೋಡದೆ ಹಳದಿ ಬಣ್ಣದ ದೋಣಿ ಹತ್ತಿಸಿದೆ. ನಾವು ಇಳಿಯಬೇಕಾಗಿದ್ದ ಥಾ ತಿಯೆನ್ ಕಡವು ಕಣ್ಣೆದುರೇ ಹಿಂದೆ ಸರಿಯಿತು. ಅದು ಕೆಲವೇ ಕಡೆ ನಿಲ್ಲುವ ದೋಣಿ. "ಬಾವುಟ ಹಳದಿ ಇತ್ತು, ನಾನು ನೋಡಿದ್ದೆ. ನಿಮಗೆ ಗೊತ್ತಿರುತ್ತದೆಂದು ಸುಮ್ಮನಾದೆ" ಎಂದಳು. ಈ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ದೋಣಿಯ ಹಿಂಭಾಗದಲ್ಲಿ ಭಿಕ್ಷುಗಳಿಗೆಂದೇ ಸ್ಥಳ ಬಿಟ್ಟಿರುತ್ತಾರೆ. ರೈಲಿನ ಮೀಸಲು ಆಸನದ ಮೇಲೂ ವೃದ್ಧರು, ಗರ್ಭಿಣಿಯರೊಡನೆ ಭಿಕ್ಷುವಿನ ಚಿತ್ರವಿದೆ. ಸ್ವಾಮಿಗಳನ್ನು ಕಂಡರೆ ಪಾದ ಮುಟ್ಟಿ ನಮಸ್ಕರಿಸುವುದು ನಮ್ಮ ಮನೆಗಳ ರೂಢಿ. ಆಕೆ ಹಾಗೆಯೇ ಮುಂದಾದಾಗ ಪಕ್ಕದ ಹೆಂಗಸೊಬ್ಬಳು ಮೃದುವಾಗಿ ತೋಳು ಹಿಡಿದು ತಡೆದಳು. ಅಲ್ಲಿ ಹೆಂಗಸರು ಭಿಕ್ಷುಗಳನ್ನು ಸ್ಪರ್ಶಿಸುವಂತಿಲ್ಲ. ಆಕೆ ದೂರದಿಂದಲೇ ಕೈಮುಗಿದಳು. ಆ ಹೆಂಗಸೂ ಜೊತೆಗೆ ಕೈಮುಗಿದಳು.

(ಊಟದ ಮಾತು ಬಿಟ್ಟರೆ ಓದುಗರು ಕ್ಷಮಿಸಲಾರರು. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಎಂದು ಬರೆದಿರುವ ಅಂಗಡಿಗಳಲ್ಲಿ ಮಾಂಸ ಮೀನುಗಳಿರಲಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಆ ಅಕ್ಷರವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಉಪವಾಸ ಬೀಳುವ ಭಯವಿಲ್ಲ.)

ಐದನೆಯ ದಿನ ನನಗೆ ಜ್ವರ ಬಂತು. ಮಾರನೆಯ ದಿನವೇ ಹಿಂದಿರುಗಬೇಕಾಗಿತ್ತು. ನದಿಯ ಆಚೆ ದಡದ ಅರುಣ ದೇವಾಲಯವನ್ನು ಹತ್ತಿರದಿಂದ ನೋಡುವುದು ಉಳಿದೇ ಹೋಗಿತ್ತು. ಮಧ್ಯಾಹ್ನ ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ಆಕೆ ಬಾಗಿಲ ಬಳಿ ನಿಂತು, "ನಾನು ಹೋಗಿಬರಲೇ?" ಎಂದಳು. ಯಾರೊಡನೆ ಎಂದು ಕೇಳಿಬಿಟ್ಟೆ! "ಸಿಯಾಮ್‌ಗೆ ಒಂದು, ಅಲ್ಲಿಂದ ಆರು, ಆಮೇಲೆ ಕಿತ್ತಳೆ ಬಾವುಟ" ಎಂದಳು. ಬೇಡವೆನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ.

ಹೋದದ್ದು ಎರಡು ಗಂಟೆಗೆ. ಐದಾಯಿತು, ಆರಾಯಿತು. ಮಗನಿಗೆ ಫೋನು ಮಾಡಲೆಂದು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟೆ. ಏಳಕ್ಕೆ ಹತ್ತು ನಿಮಿಷವಿರುವಾಗ ಬಾಗಿಲು ತೆರೆಯಿತು.

ಆಕೆ ಮೊದಲು ಹೇಳಿದ್ದು ದೇವಾಲಯದ ಸುದ್ದಿಯನ್ನಲ್ಲ. "ಬರುವಾಗ ರೈಲುನಿಲ್ದಾಣದಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ನಿಂತುಬಿಟ್ಟರು. ನಡೆಯುತ್ತಿದ್ದವರು ನಡೆದಲ್ಲೇ! ನನಗೆ ಎದೆ ಹಾರಿತು. ಆಮೇಲೆ ಹಾಡು ಕೇಳಿಸಿತು." ಬೆಳಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ಅಲ್ಲಿ ರಾಷ್ಟ್ರಗೀತೆ ನುಡಿಸುತ್ತಾರೆ. "ನೀನು ಏನು ಮಾಡಿದೆ?" ಎಂದೆ.

"ನಾನೂ ನಿಂತೆ. ಹಾಡು ಮುಗಿದ ಮೇಲೆ ಎಲ್ಲರೊಡನೆ ನಡೆದೆ" ಎಂದು ಹೇಳಿ, ಉಳಿದ ಚಿಲ್ಲರೆಯನ್ನು ಮೇಜಿನ ಮೇಲೆ ಎಣಿಸಿಟ್ಟು, ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.