ಕಣ್ಣು ಮುಚ್ಚಿ ನೋಡುವ ಪ್ರೇಮಕಥೆ

ಒಲೆಯ ಮೇಲೆ ಸಾರು ಕುದಿಯುತ್ತಿದೆ, ಕೈಯಲ್ಲಿ ಸೌಟು, ಕಿವಿ ಮಾತ್ರ ರೇಡಿಯೋ ಕಡೆಗೆ! ಆಕಾಶವಾಣಿಯ ಗೀತರೂಪಕಗಳನ್ನು ಹೀಗೆ ಕೇಳಿದ ಸೋದರಿಯರು ನಮ್ಮಲ್ಲಿ ಎಷ್ಟೋ ಮಂದಿ. ದೂರದ ಅಮೆರಿಕದಲ್ಲೂ ಒಂದು ಕಾಲಕ್ಕೆ ಸೋಮವಾರ ಬಂತೆಂದರೆ ರೇಡಿಯೋದಲ್ಲಿ ಹಾಡಿನ ನಾಟಕ. 1948ರಿಂದ 1954ರವರೆಗೆ ನಡೆದ ಆ ಕಾರ್ಯಕ್ರಮದ ಹೆಸರು 'ರೈಲ್‌ರೋಡ್ ಅವರ್'. ಖರ್ಚು ಅಲ್ಲಿನ ರೈಲ್ವೆ ಕಂಪನಿಗಳ ಸಂಘದ್ದು. ಹೆಸರಿಗೆ ಒಂದು ಗಂಟೆ. ನಿಜಕ್ಕೂ ಸಿಗುತ್ತಿದ್ದುದು ಮೊದಮೊದಲು 45 ನಿಮಿಷ, ಆಮೇಲೆ ಬರೀ 30!

ಅದರಲ್ಲಿ ಬಂದ ಗೀತನಾಟಕಗಳಲ್ಲೊಂದು 'ದಿ ಸ್ಟೂಡೆಂಟ್ ಪ್ರಿನ್ಸ್'. ಸಂಗೀತ ಸಿಗ್ಮಂಡ್ ರಾಂಬರ್ಗ್ ಅವರದು. ಮಾತು, ಹಾಡು ಬರೆದದ್ದು ಹೆಣ್ಣುಮಗಳು, ಡೊರೊತಿ ಡಾನೆಲಿ. 1924ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಂಗಮಂದಿರದಲ್ಲಿ ಶುರುವಾಗಿ 608 ಪ್ರದರ್ಶನ ಕಂಡಿತು.

ಕಥೆ ಇಷ್ಟೇ. ರಾಜಕುಮಾರ ಕಾರ್ಲ್ ಫ್ರಾನ್ಜ್ ಓದಲೆಂದು ಜರ್ಮನಿಯ ಹೈಡಲ್‌ಬರ್ಗ್ ಊರಿಗೆ ಬರುತ್ತಾನೆ. ವಿದ್ಯಾರ್ಥಿಗಳು ಸೇರುವ ಹೋಟೆಲಿನಲ್ಲಿ ಬಡಿಸುವ ಹುಡುಗಿ ಕ್ಯಾಥಿ. ಕಣ್ಣು ಕಣ್ಣು ಕೂಡಿತು, ಮನಸ್ಸೂ ಕೂಡಿತು. ಅಷ್ಟರಲ್ಲಿ ಅರಮನೆಯಿಂದ ಕರೆ: ಅಜ್ಜ ಮಹಾರಾಜರಿಗೆ ಕಾಯಿಲೆ, ತಕ್ಷಣ ಹೊರಡಬೇಕು. ಸಿಂಹಾಸನದ ಜತೆಗೆ ಹಿರಿಯರು ಗೊತ್ತು ಮಾಡಿದ ರಾಜಕುಮಾರಿಯೂ ಕಾದಿದ್ದಾಳೆ. ಎರಡು ವರ್ಷದ ಮೇಲೆ ಅವನು ಹೈಡಲ್‌ಬರ್ಗಿಗೆ ಮರಳಿ ಬರುತ್ತಾನೆ, ಆದರೆ ವಿದಾಯ ಹೇಳಲು. ಮದುವೆಯ ಊಟವಿಲ್ಲದ ಪ್ರೇಮಕಥೆ ಇದು!

ರಂಗದ ಮೇಲೆ ಇಡೀ ಸಂಜೆ ನಡೆಯುವ ನಾಟಕವನ್ನು ಅರ್ಧ ಗಂಟೆಗೆ ಇಳಿಸುವುದು ಹೇಗಪ್ಪಾ? ಹಾಲು ಕಾಯಿಸಿ ಖೋವಾ ಮಾಡಿದ ಹಾಗೆ. ನಗೆಪಾತ್ರಗಳು, ಉಪಕಥೆಗಳು ಇಂಗಿಹೋಗಬೇಕು. ಹೆಸರಾದ ಹಾಡುಗಳು, ನಾಯಕ-ನಾಯಕಿಯರ ಮಾತು ಉಳಿಯಬೇಕು. ನಡುವಿನ ಕಥೆಗೆ ನಿರೂಪಕನ ನಾಲ್ಕು ಮಾತು. ಲೋಟಗಳ ಸದ್ದು, ಗಂಡುದನಿಗಳ ಮೇಳ ಕೇಳಿದರೆ ಸಾಕು, ಹೋಟೆಲು ಕಣ್ಣೆದುರಿಗೆ ಬಂತು. ಇಲ್ಲಿ ಈ ಕೆಲಸ ಜೆರೋಮ್ ಲಾರೆನ್ಸ್ ಮತ್ತು ರಾಬರ್ಟ್ ಲೀ ಎಂಬ ಜೋಡಿಯದು. ನಾಯಕನ ದನಿ ಗಾಯಕ ಗಾರ್ಡನ್ ಮೆಕ್ರೇ ಅವರದು.

ದನಿಯ ಮಹಿಮೆ ಸಿನಿಮಾದವರಿಗೂ ಗೊತ್ತಿತ್ತು. 1954ರ ಚಿತ್ರದಲ್ಲಿ ತೆರೆಯ ಮೇಲೆ ಎಡ್ಮಂಡ್ ಪರ್ಡಮ್, ಹಾಡಿದ್ದು ಮಾರಿಯೋ ಲಾಂಜಾ. ನಮ್ಮ ಹಿನ್ನೆಲೆ ಗಾಯನದಂತೆಯೇ ಅಲ್ಲವೇ?

ರಂಗದ ಮೇಲಾದರೆ ಕಿರೀಟ, ಸಮವಸ್ತ್ರಗಳ ಥಳುಕಿನ ಮುಂದೆ ಬಡಿಸುವ ಹುಡುಗಿ ಮಂಕಾಗಬಹುದು. ರೇಡಿಯೋದಲ್ಲಿ ಕಿರೀಟ ಕಾಣುವುದಿಲ್ಲ. ಅರಸನದೂ ಒಂದು ದನಿ, ಕ್ಯಾಥಿಯದೂ ಒಂದು ದನಿ, ಎರಡಕ್ಕೂ ಸಮತೂಕ. ಕರ್ತವ್ಯಕ್ಕಾಗಿ ಪ್ರೀತಿ ಬಿಟ್ಟನೆಂದು ಅವನನ್ನು ಲೋಕ ಹೊಗಳೀತು. ಅಷ್ಟನ್ನೇ ಬಿಟ್ಟುಕೊಟ್ಟ ಅವಳಿಗೆ ಸಿಂಹಾಸನವೂ ಇಲ್ಲ, ಹೊಗಳಿಕೆಯೂ ಇಲ್ಲ.

ಕಣ್ಣು ಮುಚ್ಚಿ ಕೇಳಿದವರಿಗೆ ಅದು ಚೆನ್ನಾಗಿ ಕಾಣುತ್ತದೆ. ಈ ಕಾರ್ಯಕ್ರಮದ ಎಷ್ಟೋ ಧ್ವನಿಮುದ್ರಣಗಳು ಇಂದಿಗೂ ಉಳಿದಿವೆ. ಸಿಕ್ಕಾಗ ಕೇಳಿ. ಸಾರು ಉಕ್ಕದಂತೆ ಮಾತ್ರ ನೋಡಿಕೊಳ್ಳಿ!