ಪ್ರಶ್ನೆ ಕೇಳಿದ ಪಂಡಿತೆ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ನಮ್ಮ ಸಂಘಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಹೆಣ್ಣುಮಕ್ಕಳು ಒಂದೇ ಚಾಪೆ ಮೇಲೆ ಕೂಡುತ್ತಾರೆ. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದು, ಠರಾವು ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಮಾತು ಬೇರೆ ಕಡೆ ಹೊರಳುತ್ತದೆ. "ಅಕ್ಕಾ, ನಿಮ್ಮ ಯೇಸುಸ್ವಾಮಿ ದೇವರೋ, ದೇವರ ಮಗನೋ?" "ದೇವರು ಒಬ್ಬನೇ ಅಂತೀರಿ, ಮತ್ತ ಮೂರು ಹೆಸರು ಯಾಕ ಹೇಳ್ತೀರಿ?" "ದೇವರು ಒಬ್ಬನೇ ಇದ್ದರ ಊರಾಗ ಇಷ್ಟು ತರದ ಚರ್ಚು ಯಾಕ ಅವ?"

ಕೇಳಿದವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ದಿನಾ ಕೂಡಿ ಕೂಲಿಗೆ ಹೋಗುವ ಗೆಳತಿಯ ದೇವರ ಬಗ್ಗೆ ತಿಳಿಯುವ ಆಸೆ, ಅಷ್ಟೇ. ಆದರೆ ಉತ್ತರ ಹೇಳಬೇಕಾದವಳಿಗೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ. "ನಮ್ಮ ದೇವರ ಬಗ್ಗೆ ಹಾಂಗ ಮಾತಾಡಬ್ಯಾಡ" ಎಂದು ಬಾಯಿ ಮುಚ್ಚಿಸುತ್ತಾಳೆ. ಕೇಳಿದವಳು ಮನೆಗೆ ಹೋದರೆ ಅಲ್ಲಿ ಇನ್ನೊಂದು ಬೈಗುಳ: "ಅದೆಲ್ಲಾ ನಿನಗ್ಯಾಕ? ಆ ಕಡೆ ಹೋಗಾಕಿ ಇದ್ದೀಯೇನು?" ಒಂದು ಪ್ರಶ್ನೆಗೆ ಎರಡು ಕಡೆಯ ಪೆಟ್ಟು.

ಈ ಎರಡೂ ಪೆಟ್ಟು ತಿಂದ ಒಬ್ಬ ತಾಯಿಯ ವಿಷಯ ಇಲ್ಲಿ ಹೇಳುತ್ತೇವೆ. ಅವರು ಹುಟ್ಟಿದ್ದು ನಮ್ಮ ಕರ್ನಾಟಕದಲ್ಲಿ. ನಮ್ಮ ಕಲಬುರಗಿಗೂ ಅವರಿಗೂ ಸಂಬಂಧ ಇದೆ. ಅವರ ಹೆಸರು ಪಂಡಿತಾ ರಮಾಬಾಯಿ.

ಕಾಡಿನಲ್ಲಿ ಕಲಿತ ಹುಡುಗಿ

ರಮಾಬಾಯಿ 1858ರ ಏಪ್ರಿಲ್ 23ರಂದು ಕಾರ್ಕಳ ಸೀಮೆಯ ಘಟ್ಟದ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತ ಪಂಡಿತರು. ಹೆಂಗಸರು ಸಂಸ್ಕೃತ ಕಲಿಯಬಾರದು ಎನ್ನುವ ಕಾಲದಲ್ಲಿ ಅವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಇದಕ್ಕಾಗಿ ಉಡುಪಿಯಲ್ಲಿ ಪಂಡಿತರ ಸಭೆ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಶಾಸ್ತ್ರಗಳನ್ನೇ ತೆಗೆದು ತೋರಿಸಿ ಅವರು ತಮ್ಮ ಮಾತು ಬಿಡಲಿಲ್ಲ. ಆ ತಾಯಿಯೇ ಮುಂದೆ ಮಗಳಿಗೆ ಗುರು.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಹೋದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಊರೂರು ತಿರುಗುತ್ತ 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಈ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ಸತ್ತ. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ರಮಾಬಾಯಿ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಗಂಡ ಕಾಲರಾಕ್ಕೆ ಬಲಿಯಾದರು. ಇಪ್ಪತ್ಮೂರು ವರ್ಷಕ್ಕೇ ವಿಧವೆ, ಮಡಿಲಲ್ಲಿ ಕೂಸು.

ಗಂಡನ ಮನೆಯಲ್ಲಿದ್ದಾಗ ಅವರ ಕೈಗೆ ಬಂಗಾಳಿ ಭಾಷೆಯ ಒಂದು ಚಿಕ್ಕ ಪುಸ್ತಕ ಸಿಕ್ಕಿತ್ತು. ಅದು ಲೂಕನ ಶುಭಸಂದೇಶ. ಓದಿದರು, ಮಿಷನರಿಯೊಬ್ಬರಲ್ಲಿ ಕೇಳಿ ತಿಳಿದರು. ಗಂಡನಿಗೆ ಇದು ಹಿಡಿಸಲಿಲ್ಲ. ಪ್ರಶ್ನೆಗಳು ಮಾತ್ರ ಅಲ್ಲಿಂದಲೇ ಶುರುವಾದವು.

ಒಂದು ಪ್ರಶ್ನೆಗೆ ಸಿಕ್ಕ ಉತ್ತರ

ಗಂಡ ತೀರಿದ ಮೇಲೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಣ್ಣುಮಕ್ಕಳಿಗೆ ಹೆಣ್ಣು ಡಾಕ್ಟರರು ಬೇಕು, ಹೆಣ್ಣು ಶಿಕ್ಷಕಿಯರು ಬೇಕು ಎಂದು 1882ರಲ್ಲಿ ಸರ್ಕಾರದ ಶಿಕ್ಷಣ ಆಯೋಗದ ಮುಂದೆ ಹೇಳಿದರು. ತಾವೇ ಡಾಕ್ಟರಿಕೆ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ಆಸೆ ಈಡೇರಲಿಲ್ಲ. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸಿಸ್ಟರುಗಳ ಮಠದಲ್ಲಿ ಉಳಿದರು. (ಅದು ನಮ್ಮ ಕಥೋಲಿಕ ಧರ್ಮಸಭೆ ಅಲ್ಲ, ಇಂಗ್ಲೆಂಡಿನ ಧರ್ಮಸಭೆ.)

ಆ ಸಿಸ್ಟರುಗಳು ಒಮ್ಮೆ ಅವರನ್ನು ಲಂಡನ್ನಿನ ಫುಲ್ಹಾಂ ಎಂಬಲ್ಲಿನ ಒಂದು ಮನೆಗೆ ಕಳಿಸಿದರು. 'ಕೆಟ್ಟವಳು' ಎಂದು ಊರು ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಕರೆದು ಆರೈಕೆ ಮಾಡುತ್ತಿದ್ದರು. ರಮಾಬಾಯಿಗೆ ಆಶ್ಚರ್ಯ. ಇಂಥವರನ್ನು ಯಾರೂ ಮುಟ್ಟುವುದಿಲ್ಲ, ನೀವು ಯಾಕೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ಸಿಸ್ಟರೊಬ್ಬರು ಯೊವಾನ್ನನ ಶುಭಸಂದೇಶದ ನಾಲ್ಕನೇ ಅಧ್ಯಾಯ ತೆಗೆದು ಓದಿದರು. ಬಾವಿ ಕಟ್ಟೆ ಮೇಲೆ ಯೇಸುಸ್ವಾಮಿ ಸಮಾರ್ಯದ ಹೆಣ್ಣುಮಗಳ ಜೊತೆ ಮಾತಾಡಿದ ಪ್ರಸಂಗ ಅದು. ಆಕೆ ಬೇರೆ ಜಾತಿಯವಳು, ಐದು ಗಂಡಂದಿರನ್ನು ಕಂಡವಳು, ಮೇಲಾಗಿ ಬಾಯಿ ಬಿಟ್ಟು ಪ್ರಶ್ನೆ ಕೇಳಿದವಳು. ನಮ್ಮ ಹಿರಿಯರು ಈ ಬೆಟ್ಟದ ಮೇಲೆ ಪೂಜೆ ಮಾಡಿದರು, ನೀವು ಜೆರುಸಲೇಮಿನಲ್ಲಿ ಮಾಡಬೇಕೆನ್ನುತ್ತೀರಿ, ಯಾವುದು ಸರಿ ಎಂದು ಆಕೆ ಕೇಳಿದಳು. ಯೇಸು ಬೈಯಲಿಲ್ಲ, ಉತ್ತರ ಕೊಟ್ಟರು. ಈ ಓದು ತಮ್ಮ ಮನಸ್ಸು ತಿರುಗಿಸಿತು ಎಂದು ರಮಾಬಾಯಿ ಎಷ್ಟೋ ವರ್ಷದ ನಂತರ ಬರೆದಿದ್ದಾರೆ. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಅಲ್ಲಿಗೆ ಕಥೆ ಮುಗಿಯಿತು ಎಂದು ಸಿಸ್ಟರುಗಳು ತಿಳಿದಿರಬೇಕು. ಮುಗಿದಿರಲಿಲ್ಲ.

ಮತ್ತೆ ಮತ್ತೆ ಪ್ರಶ್ನೆ

ಪಿತ, ಸುತ, ಪವಿತ್ರಾತ್ಮ ಮೂವರು, ಆದರೂ ದೇವರು ಒಬ್ಬನೇ. ಇದು ಹ್ಯಾಂಗ ಎಂದು ಕೇಳಿದರು. ಯೇಸು ಕನ್ಯೆಯಲ್ಲಿ ಹುಟ್ಟಿದ್ದನ್ನು ನಂಬಲೇಬೇಕೇ ಎಂದು ಕೇಳಿದರು. ಅಥನಾಸಿಯಸ್ ಹೆಸರಿನ ಒಂದು ಹಳೇ ವಿಶ್ವಾಸ ಪ್ರಮಾಣವಿದೆ. ಹೀಗೆ ನಂಬದವರಿಗೆ ರಕ್ಷಣೆ ಇಲ್ಲ ಎಂದು ಅದು ಕಡ್ಡಿ ಮುರಿದಂತೆ ಹೇಳುತ್ತದೆ. ಅದನ್ನು ಹಾಗೇ ಒಪ್ಪಲು ಅವರಿಂದ ಆಗಲಿಲ್ಲ. ಕ್ರೈಸ್ತರಲ್ಲಿ ಇಷ್ಟೊಂದು ಪಂಗಡ ಯಾಕೆ, ಎಲ್ಲರೂ ಅದೇ ಬೈಬಲ್ ತೋರಿಸಿ ಬೇರೆ ಬೇರೆ ಮಾತಾಡುತ್ತಾರಲ್ಲ ಎಂದೂ ಕಂಗೆಟ್ಟರು. ನೋಡಿ ಸಹೋದರಿಯರೇ, ನೂರ ನಲವತ್ತು ವರ್ಷದ ಹಿಂದೆ ಪಂಡಿತೆ ಕೇಳಿದ್ದನ್ನೇ ನಮ್ಮ ಚಾಪೆ ಮೇಲೆ ಕೂತ ಅಕ್ಕ ಇವತ್ತು ಕೇಳುತ್ತಾಳೆ.

ಅವರಿಗೆ ಧಾರ್ಮಿಕ ತಾಯಿಯಂತಿದ್ದವರು ಸಿಸ್ಟರ್ ಜೆರಾಲ್ಡೀನ್. ಒಳ್ಳೆಯ ಮನಸ್ಸಿನವರು, ಮನೋರಮಾಳನ್ನು ಎತ್ತಿ ಆಡಿಸಿದವರು. ಆದರೆ ಶಿಷ್ಯೆಯ ಪ್ರಶ್ನೆಗಳನ್ನು ಅವರು ಅಹಂಕಾರ ಎಂದೇ ಓದಿದರು. ರಮಾಬಾಯಿ ಮಾಂಸ, ಮೊಟ್ಟೆ ತಿನ್ನಲಿಲ್ಲ, ಅದು ಜಾತಿಯ ಗರ್ವ ಎಂದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನಮ್ಮ ದೇಶದ ಹೆಂಗಸರಿಗೆ ಲ್ಯಾಟಿನ್ ತಿಳಿಯದು, ಸಂಸ್ಕೃತ ಇರಲಿ ಎಂದರೆ ಅದೂ ಹಟ ಎನಿಸಿತು. ಚೆಲ್ಟನ್ಹ್ಯಾಂ ಎಂಬಲ್ಲಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇದ್ದಾಗ ಅವರು ಗಂಡಸರಿಗೆ ಪಾಠ ಹೇಳುವ ಮಾತು ಬಂತು. ಭಾರತದಲ್ಲಿದ್ದ ಆಂಗ್ಲಿಕನ್ ಧರ್ಮಾಧ್ಯಕ್ಷರು ಬೇಡವೆಂದರು. ಕಲ್ಕತ್ತಾದ ಪಂಡಿತರ ನಡುವೆ ತುಂಬಿದ ಸಭೆಯಲ್ಲಿ ಮಾತಾಡಿದ ಹೆಣ್ಣುಮಗಳಿಗೆ ಇದು ಎಂಥ ಮಾತು! ದೇವರ ಮಾತಿಗೆ ತಲೆಬಾಗುತ್ತೇನೆ, ಗುರುಗಳು ಹೇಳಿದ ಪ್ರತಿ ಮಾತಿಗೂ ಅಲ್ಲ ಎಂಬ ಅರ್ಥದಲ್ಲಿ ಅವರು ಕಾಗದ ಬರೆದರು. ತಾನು ಇನ್ನೂ ಒಪ್ಪದ ವಿಷಯವನ್ನು ಮಗಳಿಗೆ ಕಲಿಸಬೇಡಿ ಎಂದೂ ಹೇಳಿದರು. ಈ ಪತ್ರಗಳೆಲ್ಲ 1977ರಲ್ಲಿ ಪುಸ್ತಕವಾಗಿ ಬಂದಿವೆ. ಎರಡೂ ಕಡೆಯ ನೋವು ಅದರಲ್ಲಿ ಕಾಣುತ್ತದೆ.

ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ ಇಬ್ಬರು ದೇವದೂತನನ್ನು ಪ್ರಶ್ನೆ ಕೇಳುತ್ತಾರೆ. ಜಕರೀಯ ಕೇಳಿ ಮೂಗನಾದ. ಮರಿಯಮ್ಮ ಕೇಳಿದರು, ಅವರಿಗೆ ಉತ್ತರ ಸಿಕ್ಕಿತು. ಜಕರೀಯನ ಪ್ರಶ್ನೆಯ ಹಿಂದೆ ಅಪನಂಬಿಕೆ ಇತ್ತು ಎಂದು ಗ್ರಂಥ ಹೇಳುತ್ತದೆ. ಆದರೆ ಒಳಗಿನದು ದೇವದೂತನಿಗೆ ಗೊತ್ತು, ನಮಗೆ ಹ್ಯಾಂಗ ಗೊತ್ತಾಗಬೇಕು? ಸಿಸ್ಟರ್ ಜೆರಾಲ್ಡೀನ್ ರಮಾಬಾಯಿಯನ್ನು ಜಕರೀಯನ ಸಾಲಿಗೆ ಹಾಕಿಬಿಟ್ಟರು. ತೋಮಾಸನಿಗಾದರೂ ಗಾಯ ಮುಟ್ಟಿ ನೋಡು ಎಂದು ಯೇಸು ಕೈ ಚಾಚಿದರು.

ಬೇರೆ ರೀತಿ ಉತ್ತರ ಕೊಟ್ಟವರೂ ಇದ್ದರು. ಫಾದರ್ ನೆಹೆಮಿಯಾ ಗೋರೆ ಎಂಬವರು ಕಾಶಿಯ ಪಂಡಿತರು. ಬಹಳ ವರ್ಷ ವಾದ ಮಾಡಿ, ಅನುಮಾನಪಟ್ಟು 1848ರಲ್ಲಿ ಕ್ರೈಸ್ತರಾದವರು. ಅನುಮಾನದ ಸಂಕಟ ಅವರಿಗೆ ಗೊತ್ತಿತ್ತು. ರಮಾಬಾಯಿಯ ಪ್ರಶ್ನೆಗಳಿಗೆ ತಾಳ್ಮೆಯಿಂದ ಬರೆದು ಉತ್ತರಿಸಿದರು. ತಮ್ಮನ್ನು ಒಪ್ಪಿಸಿದವರು ಗೋರೆಯವರೇ ಎಂದು ರಮಾಬಾಯಿ ನೆನೆದಿದ್ದಾರೆ. ಇಷ್ಟೆಲ್ಲ ಆದರೂ ಅವರು ಜೆರಾಲ್ಡೀನರ ನಂಟು ಕಡಿದುಕೊಳ್ಳಲಿಲ್ಲ. ಪತ್ರಗಳು ಮುಂದೆಯೂ ಹೋಗುತ್ತ ಬರುತ್ತ ಇದ್ದವು.

ಇನ್ನೊಂದು ಕಡೆಯ ಪೆಟ್ಟು

ಇತ್ತ ದೇಶದಲ್ಲಿ ಅವರನ್ನು ಹೊಗಳಿದ್ದ ಬಾಯಿಗಳೇ ಬೈದವು. ಆಗ ಅವರ ಪರವಾಗಿ ನಿಂತು ಬರೆದವರು ಮಹಾತ್ಮ ಜ್ಯೋತಿಬಾ ಫುಲೆ. ಅಮೆರಿಕದ ಮಹಿಳೆಯರು ಸಂಘ ಕಟ್ಟಿ, ಸಣ್ಣ ಸಣ್ಣ ವಂತಿಗೆ ಕೂಡಿಸಿ ಹತ್ತು ವರ್ಷ ಹಣ ಕಳಿಸುವುದಾಗಿ ಒಪ್ಪಿದರು. ನಮ್ಮ ವಾರದ ಉಳಿತಾಯವನ್ನು ಹೋಲುವ ಏರ್ಪಾಡೇ ಅದು! ಆ ಹಣದಿಂದ 1889ರ ಮಾರ್ಚ್ 11ರಂದು ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು.

ಸದನದಲ್ಲಿ ಧರ್ಮ ಬೋಧಿಸುವುದಿಲ್ಲ ಎಂಬ ಮಾತಿತ್ತು. ರಮಾಬಾಯಿ ಮಾತ್ರ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದೇ ಪ್ರಾರ್ಥನೆ ಮಾಡುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂತರು. ಸುದ್ದಿ ಹಬ್ಬಿ 1893ರಲ್ಲಿ ದೊಡ್ಡ ಗದ್ದಲವಾಯಿತು. ಟಿಳಕರ 'ಕೇಸರಿ' ಪತ್ರಿಕೆ ಕಟುವಾಗಿ ಬರೆಯಿತು. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರಕರ್ ಅಂಥ ಹಿರಿಯರು ಕೈಬಿಟ್ಟರು. ಹೆತ್ತವರು ಹುಡುಗಿಯರನ್ನು ಕರೆದುಕೊಂಡು ಹೋದರು. ಹಾಗೆ ಹೊರಟ ಎಳೆಯ ವಿಧವೆಯರಿಗೆ ಮನೆಯಲ್ಲಿ ಕಾದದ್ದು ಏನು ಎಂದು ನಾವು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಹೆದರಿದವರ ಹೆದರಿಕೆಗೆ ಕಾರಣವೇ ಇರಲಿಲ್ಲ ಎನ್ನಲು ಬರುವುದಿಲ್ಲ. ಅನ್ನ, ಆಸರೆ, ಓದು ಒಂದೇ ಕೈಯಿಂದ ಬರುವಾಗ, ಆ ಕೈ ಹೇಳುವ ದೇವರನ್ನು ಬೇಡ ಎನ್ನುವುದು ಬಡವಳಿಗೆ ಕಷ್ಟ. ಆದ್ದರಿಂದ ನಮ್ಮ ಸಂಘಗಳಲ್ಲಿ ಸಾಲಕ್ಕೂ ದೇವರಿಗೂ ಗಂಟು ಹಾಕಬಾರದು. ಕ್ರೈಸ್ತಳಾದರೆ ಸಾಲ ಬೇಗ, ಪ್ರಶ್ನೆ ಕೇಳಿದರೆ ಸಾಲ ತಡ ಎಂಬ ಅನುಮಾನ ಕೂಡ ಬರಬಾರದು. ಸರದಿ ಎಂದರೆ ಸರದಿ. ಲೆಕ್ಕ ಮುಗಿಸಿ, ಪುಸ್ತಕ ಮುಚ್ಚಿ, ಆಮೇಲೆ ಇಷ್ಟವಿದ್ದವರು ಕೂತು ದೇವರ ಮಾತಾಡಲಿ. ಎದ್ದು ಹೋಗುವವಳು ಬೇಜಾರಿಲ್ಲದೆ ಎದ್ದು ಹೋಗಲಿ.

ಸಿಟ್ಟು ಯಾಕೆ ಬರುತ್ತದೆ?

ನಮ್ಮ ಅನುಭವದಲ್ಲಿ ಹೆಚ್ಚಿನ ಸಲ ಸಿಟ್ಟಿನ ಒಳಗೆ ಇರುವುದು ಹೆದರಿಕೆ. ಸಣ್ಣವರಿದ್ದಾಗ ಧರ್ಮೋಪದೇಶದ ತರಗತಿಯಲ್ಲಿ ಪ್ರಶ್ನೆ ಉತ್ತರ ಎರಡನ್ನೂ ಬಾಯಿಪಾಠ ಮಾಡಿದ್ದೇವೆ. ಆ ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಬಂದರೆ ನಾಲಿಗೆ ಒಣಗುತ್ತದೆ. ಉತ್ತರ ಗೊತ್ತಿಲ್ಲ ಎನ್ನಲು ನಾಚಿಕೆ, ಅದಕ್ಕೇ ದನಿ ಏರಿಸುತ್ತೇವೆ. "ನನಗ ಗೊತ್ತಿಲ್ಲ ಅಕ್ಕಾ, ಕೇಳಿ ಬಂದು ಹೇಳ್ತೀನಿ" ಎಂದರೆ ಯಾರ ವಿಶ್ವಾಸವೂ ಕಡಿಮೆಯಾಗುವುದಿಲ್ಲ. ಸಿಸ್ಟರನ್ನೋ, ಸ್ವಾಮಿಗಳನ್ನೋ ಕೇಳಿ ಮುಂದಿನ ವಾರ ಹೇಳಬಹುದು. ತ್ರೈಏಕ ದೇವರ ವಿಷಯವಂತೂ ದೊಡ್ಡ ದೊಡ್ಡ ಸಂತರೇ ರಹಸ್ಯ ಎಂದು ಕೈಮುಗಿದದ್ದು.

ಕೇಳುವವರಿಗೂ ಒಂದು ಮಾತು. ತಿಳಿಯಲು ಕೇಳುವುದು ಬೇರೆ, ನಾಲ್ಕು ಮಂದಿ ಮುಂದೆ ನಗಿಸಲು ಕೇಳುವುದು ಬೇರೆ. ಕೇಳುವವಳಿಗೆ ತನ್ನದು ಯಾವುದು ಎಂದು ಗೊತ್ತೇ ಇರುತ್ತದೆ. ಕ್ರೈಸ್ತ ಸಹೋದರಿಯರು ಕೂಡ ಬೇರೆಯವರ ದರ್ಗಾ, ಗುಡಿ, ಲಿಂಗಪೂಜೆಯ ಬಗ್ಗೆ ಅದೇ ಮರ್ಯಾದೆಯಿಂದ ಕೇಳಬೇಕು.

ನಮ್ಮ ಕಡೆಗೆ ಇದು ಹೊಸ ಪಾಠವೂ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ. ರಾಷ್ಟ್ರಕೂಟ ದೊರೆ ಅಮೋಘವರ್ಷ ಅಲ್ಲಿಂದ ಆಳುವಾಗ, ಒಂಬತ್ತನೇ ಶತಮಾನದಲ್ಲಿ, ಕವಿರಾಜಮಾರ್ಗ ಹುಟ್ಟಿತು. ಬೇರೆಯವರ ಯೋಚನೆಯನ್ನು, ಬೇರೆಯವರ ಧರ್ಮವನ್ನು ತಾಳಿಕೊಳ್ಳುವ ಗುಣಕ್ಕೆ ಅದು ದೊಡ್ಡ ಬೆಲೆ ಕಟ್ಟಿದೆ. ನಮ್ಮ ಸಂವಿಧಾನದ 25ನೇ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತದೆ. ಧರ್ಮದ ವಿಷಯದಲ್ಲಿ ಯಾರನ್ನೂ ಆತ್ಮಸಾಕ್ಷಿಗೆ ವಿರುದ್ಧವಾಗಿ ಒತ್ತಾಯ ಮಾಡಬಾರದು ಎಂದು ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಘೋಷಿಸಿತು.

ಕೇಡಗಾಂವದಿಂದ ಕಲಬುರಗಿಗೆ

ಪುಣೆಯ ಗದ್ದಲದ ನಂತರವೂ ರಮಾಬಾಯಿ ನಿಲ್ಲಲಿಲ್ಲ. ಕೇಡಗಾಂವದಲ್ಲಿ ಜಮೀನು ಕೊಂಡು 'ಮುಕ್ತಿ' ಸದನ ಕಟ್ಟಿದರು. ಪುಣೆ, ಸೊಲ್ಲಾಪುರ, ಕಲಬುರಗಿ, ಶಹಾಬಾದ, ವಾಡಿ ಅಂತ ಬರುವ ನಮ್ಮ ರೈಲು ದಾರಿಯಲ್ಲೇ ಕೇಡಗಾಂವ ಇದೆ. 1896ರ ಮತ್ತು 1900ರ ಬರಗಾಲಗಳಲ್ಲಿ ಹಸಿದ ಹೆಣ್ಣುಮಕ್ಕಳನ್ನು, ವಿಧವೆಯರನ್ನು ಊರೂರಿಂದ ಕರೆತಂದರು. ನೇಯ್ಗೆ, ಹೈನು, ಒಕ್ಕಲುತನ, ಅಚ್ಚಿನ ಕೆಲಸ ಎಲ್ಲವನ್ನೂ ಅವರಿಗೇ ಕಲಿಸಿದರು.

1912ರಲ್ಲಿ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಹೈಸ್ಕೂಲು ತೆರೆದರು. ಆಗ ಇದು ನಿಜಾಮರ ಸೀಮೆ. ಆ ಶಾಲೆಗೆ ಮುಖ್ಯಸ್ಥೆಯಾಗಿ ಬಂದವರು ಮಗಳು ಮನೋರಮಾ. ಯಾವ ಮಗುವಿಗೆ ಏನು ಕಲಿಸಬೇಕೆಂದು ವಾಂಟೇಜಿನಲ್ಲಿ ಜಗಳವಾಗಿತ್ತೋ, ಅದೇ ಮಗು.

ರಮಾಬಾಯಿಯ ಕೊನೆಯ ವರ್ಷಗಳ ಕೆಲಸ ಬೈಬಲ್ ಅನುವಾದ. ಬೇರೆಯವರು ಹೇಳಿದ್ದನ್ನು ನಂಬುವ ಬದಲು ಮೂಲವನ್ನೇ ಓದಬೇಕೆಂದು ಹೀಬ್ರೂ, ಗ್ರೀಕ್ ಕಲಿತರು. ಓದು ಬಾರದ ಹೆಂಗಸರಿಗೂ ಕೇಳಿದರೆ ತಿಳಿಯುವ ಸರಳ ಮರಾಠಿಯಲ್ಲಿ ಬರೆದರು. 1921ರಲ್ಲಿ ಮನೋರಮಾ ನಲವತ್ತು ವರ್ಷಕ್ಕೇ ತೀರಿಕೊಂಡರು. ಆ ದುಃಖದಲ್ಲೂ ಅನುವಾದ ಮುಗಿಸಿ, 1922ರ ಏಪ್ರಿಲ್ 5ರಂದು ತಾಯಿಯೂ ಕಣ್ಣು ಮುಚ್ಚಿದರು. ಆ ಬೈಬಲಿಗೆ ಒಂದೊಂದೇ ಸೀಸದ ಅಕ್ಷರ ಜೋಡಿಸಿ ಅಚ್ಚು ಹಾಕಿದವರು ಮುಕ್ತಿ ಸದನದ ಹೆಣ್ಣುಮಕ್ಕಳು.